ಕಾಸರಕೋಡ–ಅಪ್ಸರಕೊಂಡ: ಮಕ್ಕಳು, ಹಿರಿಯರೊಂದಿಗೆ ಒಂದೇ ದಿನದಲ್ಲಿ ಕಡಲು ಮತ್ತು ಕಾಡು

ಹೊನ್ನಾವರದ ಕಡೆಗೆ ಒಂದು ದಿನದ ಪ್ರವಾಸ ಹೋಗಿಬಂದವರನ್ನು ಕೇಳಿದರೆ ದೂರು ಬಹುತೇಕ ಒಂದೇ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟೆವು, ದಾರಿಯಲ್ಲಿ ಎರಡು ದೇವಸ್ಥಾನ ಮುಗಿಸಿದೆವು, ಕಡಲು ಮುಟ್ಟುವಾಗ ಒಂದೂವರೆ ಗಂಟೆ. ಮರಳು ಕಾಲಿಡಲಾಗದಷ್ಟು ಕಾದಿತ್ತು, ಮಕ್ಕಳು ಅತ್ತರು, ಸಂಜೆ ನೀರಿಗಿಳಿಯೋಣ ಎಂದರೆ ಜೀವರಕ್ಷಕರು ಸೀಟಿ ಊದಿ ಮೇಲೆ ಕಳಿಸಿದರು. ಇಲ್ಲಿ ಜಾಗದ ತಪ್ಪೇನೂ ಇಲ್ಲ, ಕೆಡುವುದು ಕ್ರಮ. ಕಡಲು ಬೆಳಿಗ್ಗೆಗೆ, ಕಾಡು ಮಧ್ಯಾಹ್ನಕ್ಕೆ, ಸಂಜೆಗೆ ಬರೀ ಮರಳು. ಈ ಮೂರನ್ನು ಹಿಂದುಮುಂದು ಮಾಡಿದರೆ ಉಳಿದ ಯಾವ ತಯಾರಿಯೂ ಕೈಹಿಡಿಯುವುದಿಲ್ಲ.

ಕಾಸರಕೋಡಿನ ಇಕೋ ಬೀಚ್ ಶರಾವತಿ ಸೇತುವೆಯ ದಕ್ಷಿಣಕ್ಕೆ, ಹೆದ್ದಾರಿ 66ರ ಪಕ್ಕದಲ್ಲೇ ಇದೆ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಸಿಗುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ದೇಶದ ಮೊದಲ ಎಂಟು ಕಡಲತೀರಗಳಲ್ಲಿ ಇದೂ ಒಂದು. ಗಾಳಿಮರದ ತೋಪು ಮರಳಿನ ಅಂಚಿನವರೆಗೂ ಬಂದಿದೆ. ಅಲ್ಲಿಂದ ಹತ್ತು-ಹದಿನೈದು ನಿಮಿಷ ದಕ್ಷಿಣಕ್ಕೆ ಹೋದರೆ ಅಪ್ಸರಕೊಂಡ: ಕಾಡಿನ ನೆರಳು, ಚಿಕ್ಕ ಜಲಪಾತ, ಗುಡ್ಡದ ತುದಿಯಲ್ಲಿ ನಿಂತರೆ ಕೆಳಗೆ ಕಡಲು. ಮಕ್ಕಳು, ಅಜ್ಜ-ಅಜ್ಜಿ ಇರುವ ಮನೆಯವರಿಗೆ ಒಂದು ದಿನಕ್ಕೆ ಇದು ಸಾಕು.

## ಹಂತ 1: ರಜೆ ನೋಡುವ ಮೊದಲು ತಿಥಿ ನೋಡಿ

ಹೆಚ್ಚಿನವರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ತಿಂಗಳು ಯಾವುದೆಂಬುದು ಎಲ್ಲರಿಗೂ ಗೊತ್ತು: ನವೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ. ಮಾರ್ಚ್‌ನಿಂದ ಸೆಕೆ, ಮೇ ಎರಡನೇ ಅರ್ಧದಿಂದ ಕಡಲು ಏಳತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಇಲ್ಲ; ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ದೋಣಿಗಳೇ ದಡದಲ್ಲಿರುತ್ತವೆ.

ತಿಂಗಳೊಳಗೆ ದಿನ ಯಾವುದು ಎಂಬುದನ್ನು ಉಬ್ಬರ-ಇಳಿತ ಹೇಳುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಅವು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತವೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ತುದಿ ಮುಟ್ಟುವುದು ಹಗಲು ಹನ್ನೊಂದರ ಆಚೀಚೆ, ತೀರ ಇಳಿಯುವುದು ಬೆಳಗಿನ ಮತ್ತು ಸಂಜೆಯ ಐದರ ಸುಮಾರಿಗೆ. ಅಲ್ಲಿಂದ ದಿನಕ್ಕೆ 50 ನಿಮಿಷ ಕೂಡಿಸುತ್ತಾ ಬಂದರೆ ತದಿಗೆ, ಚೌತಿಯ ಹೊತ್ತಿಗೆ ಇಳಿತ ಬೆಳಿಗ್ಗೆ ಎಂಟರ ಸುತ್ತ ಬರುತ್ತದೆ, ಸಪ್ತಮಿಗೆ ಹತ್ತು-ಹನ್ನೊಂದರ ಹತ್ತಿರ.

ನಿಮಗೆ ಬೇಕಾಗಿರುವುದು ತದಿಗೆಯಿಂದ ಪಂಚಮಿಯವರೆಗಿನ ದಿನಗಳು, ಶುಕ್ಲಪಕ್ಷವಾದರೂ ಸರಿ, ಕೃಷ್ಣಪಕ್ಷವಾದರೂ ಸರಿ. ನೀವು ದಡ ಮುಟ್ಟುವಾಗ ನೀರು ಇಳಿದಿರುತ್ತದೆ, ಗಟ್ಟಿ ಒದ್ದೆ ಮರಳು ಅಗಲವಾಗಿ ಸಿಗುತ್ತದೆ, ಆಮೇಲೆ ನೀರು ಮೆಲ್ಲಗೆ ಏರುತ್ತಾ ಬರುತ್ತದೆ. ಏರುವ ನೀರು ದಡದ ಕಡೆಗೆ, ಇಳಿಯುವ ನೀರು ಕಡಲ ಕಡೆಗೆ. ಮಕ್ಕಳಿರುವಾಗ ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಅಮಾವಾಸ್ಯೆ, ಹುಣ್ಣಿಮೆಯ ಹಿಂದುಮುಂದಿನ ದಿನ ಬೇಡ. ಆಗ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು, ಸೆಳೆತ ಜೋರು. ದಶಮಿ, ಏಕಾದಶಿಗಳಲ್ಲಿ ನೀವು ಸ್ನಾನಕ್ಕಿಳಿಯುವ ಬೆಳಗಿನ ಹೊತ್ತೆಲ್ಲ ನೀರು ಇಳಿಯುತ್ತಿರುತ್ತದೆ. ಅಂದು ಹೋಗಲೇಬೇಕಾದರೆ ಪಾದ ತೋಯಿಸಿ ಬನ್ನಿ, ಅಷ್ಟೇ.

ಗೋಡೆಯ ಕ್ಯಾಲೆಂಡರಿನಿಂದ ಸಿಗುವುದು ಅಂದಾಜು. ಒಂದು ಗಂಟೆ ಹೆಚ್ಚುಕಮ್ಮಿ ಆಗಬಹುದು. ವಾರದ ಮೊದಲು ಮೊಬೈಲಿನಲ್ಲಿ ಹೊನ್ನಾವರ ಅಥವಾ ಕಾರವಾರದ ಉಬ್ಬರ-ಇಳಿತದ ವೇಳಾಪಟ್ಟಿ ತೆಗೆದು ತಾಳೆ ನೋಡಿ. ಹಿಂದಿನ ಸಂಜೆ ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉತ್ತರ ಕನ್ನಡಕ್ಕೆ ದೊಡ್ಡ ಅಲೆಯ ಎಚ್ಚರಿಕೆ ಕೊಟ್ಟಿದೆಯೇ ನೋಡಿ. ಕೊಟ್ಟಿದ್ದರೆ ಆಕಾಶ ಎಷ್ಟೇ ತಿಳಿಯಾಗಿರಲಿ, ನೀರಿನ ಕಾರ್ಯಕ್ರಮ ರದ್ದು. ದೂರದ ಕಡಲಲ್ಲಿ ಎದ್ದ ಅಲೆಗೆ ನಮ್ಮೂರ ಬಿಸಿಲಿನ ಹಂಗಿಲ್ಲ.

## ಹಂತ 2: ಎಲ್ಲಿಂದ, ಎಷ್ಟು ಗಂಟೆಗೆ

ಗುರಿ ಒಂದೇ: ಎಂಟೂವರೆಗೆ ಮರಳಿನ ಮೇಲಿರಬೇಕು. ಸಾಗರ, ಸಿದ್ದಾಪುರ, ಶಿರಸಿಯವರು ಐದಕ್ಕೆ ಹೊರಟರೆ ಆಯಿತು. ಶಿವಮೊಗ್ಗ, ಹುಬ್ಬಳ್ಳಿಯವರು ನಾಲ್ಕಕ್ಕೇ ಹೊರಡಬೇಕು. ಘಾಟಿಯಲ್ಲಿ ಕೆಲಸ ನಡೆಯುತ್ತಿದೆಯೇ, ರಸ್ತೆ ಮುಚ್ಚಿದೆಯೇ ಎಂದು ಹಿಂದಿನ ದಿನ ಆ ದಾರಿಯ ಯಾರನ್ನಾದರೂ ಕೇಳಿ. ನಕ್ಷೆಯ ಆ್ಯಪ್ ಒಂದನ್ನೇ ನಂಬಬೇಡಿ. ಡಿಸೆಂಬರ್, ಜನವರಿಯಲ್ಲಿ ಘಟ್ಟದ ಮೇಲೆ ಬೆಳಗಿನ ಮಂಜಿರುತ್ತದೆ, ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಒಂದೇ ದಿನಕ್ಕೆ ಕಾರಿನಲ್ಲಿ ಹೋಗಿಬರುವುದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ ಎನ್ನುವುದಕ್ಕಿಂತ, ಮಾಡಬಾರದು. ಕಾರವಾರ ಕಡೆಯ ರಾತ್ರಿ ರೈಲಿನಲ್ಲಿ ಬಂದು ಹೊನ್ನಾವರದಲ್ಲಿ ಇಳಿಯಿರಿ, ಆಟೋ ಮಾಡಿಕೊಳ್ಳಿ, ರಾತ್ರಿ ರೈಲಿಗೇ ಮರಳಿ.

ಗೇರುಸೊಪ್ಪ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡದ ಮಗು ಅಪರೂಪ. ಹೊರಡುವ ಮೊದಲು ಹಾಲು ಕುಡಿಸಬೇಡಿ, ಪೂರಿ-ಬಜ್ಜಿಯಂತೂ ಬೇಡವೇ ಬೇಡ. ಒಂದು ಇಡ್ಲಿ, ಅಥವಾ ಒಣ ಅವಲಕ್ಕಿ ಸಾಕು. ಮೊಬೈಲು ಕಸಿದುಕೊಳ್ಳಿ, ಕಿಟಕಿ ಇಳಿಸಿ. ಮಗು ಮಂಕಾಗಿ ಆಕಳಿಸತೊಡಗಿ ಬಾಯಲ್ಲಿ ನೀರೂರುತ್ತಿದ್ದರೆ ಗಾಡಿ ನಿಲ್ಲಿಸಬೇಕಾದ ಹೊತ್ತು ಅದು. ಇನ್ನೆರಡು ತಿರುವು ಎಂದು ಮುಂದೆ ಹೋದರೆ ಸೀಟು ತೊಳೆಯಬೇಕಾಗುತ್ತದೆ. ಹೊಟ್ಟೆತುಂಬ ತಿಂಡಿ ಹೊನ್ನಾವರ ಪೇಟೆಯಲ್ಲಿ.

## ಹಂತ 3: ಚೀಲದಲ್ಲಿ ಏನಿರಬೇಕು

ಇಲ್ಲಿ ಎಲ್ಲರೂ ಬೇಡದ್ದನ್ನು ತುಂಬಿ ಬೇಕಾದ್ದನ್ನು ಮರೆಯುತ್ತಾರೆ. ಬಟ್ಟೆ, ಟವೆಲು ಹೇಳಬೇಕಾಗಿಲ್ಲ. ಹೇಳಬೇಕಾದವು ಇವು:

- ಮಕ್ಕಳಿಗೆ ಕೆಂಪು, ಕಿತ್ತಳೆ ಅಥವಾ ಗಿಣಿಹಸಿರು ಬಣ್ಣದ, ಮೈಗಂಟುವ ತುಂಬುತೋಳಿನ ಅಂಗಿ. ನೀಲಿ, ಬೂದು ಬಣ್ಣದ ಅಂಗಿ ಅಲೆಯ ನಡುವೆ ಕಾಣುವುದಿಲ್ಲ.
- ಬಿಗಿ ಮುಚ್ಚಳದ ಖಾಲಿ ಪ್ಲಾಸ್ಟಿಕ್ ಕ್ಯಾನು, ಅದರ ಹಿಡಿಗೆ ಕಟ್ಟಿದ 15 ಮೀಟರು ನೈಲಾನ್ ಹಗ್ಗ. ಇದು ಯಾಕೆಂದು ಮುಂದೆ ಹೇಳುತ್ತೇನೆ.
- ತೊಳೆಯಬಹುದಾದ ಚಪ್ಪಲಿ, ಬರಿಗಾಲು ಬೇಡ. ಗಾಳಿಮರದ ಕಾಯಿಗಳು ಒಣಗಿದ ಮೇಲೆ ಪಾದಕ್ಕೆ ಚುಚ್ಚುತ್ತವೆ.
- ಚಿಮಟ, ಹತ್ತಿ, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ, ಫ್ಲಾಸ್ಕಿನಲ್ಲಿ ಬಿಸಿನೀರು.
- ಹಳೆಯ ಬೆಡ್‌ಶೀಟು ಎರಡು. ಒಂದು ಕೂರಲು, ಇನ್ನೊಂದು ವಾಪಸು ಬರುವಾಗ ಕಾರಿನ ಸೀಟಿನ ಮೇಲೆ.
- ಪ್ರವೇಶಕ್ಕೆ, ಗಾಡಿ ನಿಲ್ಲಿಸಲು ಚಿಲ್ಲರೆ ಹಣ.

ಬುತ್ತಿಗೆ ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಚಪಾತಿ-ಚಟ್ನಿಪುಡಿ. ಮೊಸರನ್ನ ಕಟ್ಟಿದರೆ ಆ ಸೆಕೆಗೆ ಹನ್ನೆರಡರೊಳಗೆ ಹುಳಿಯುತ್ತದೆ, ಹಸಿ ತೆಂಗಿನಕಾಯಿ ಚಟ್ನಿ ಅದಕ್ಕಿಂತ ಮೊದಲೇ ಹಳಸುತ್ತದೆ. ನೀರು ದೊಡ್ಡವರಿಗೆ ತಲಾ ಎರಡು ಲೀಟರಿಗೆ ಕಡಿಮೆ ಬೇಡ. ಬೊಂಡ (ಎಳನೀರು) ದಾರಿಯುದ್ದಕ್ಕೂ ಸಿಗುತ್ತದೆ; ಅದನ್ನು ನೀರಿನ ಬದಲಿಗೆ ಎಂದು ಲೆಕ್ಕ ಹಾಕಬೇಡಿ. ಮೀನು ತಿನ್ನುವವರು ಬುತ್ತಿಯನ್ನೇ ಬಿಟ್ಟು ಪೇಟೆಯ ಊಟದ ಹೋಟೆಲಿಗೆ ಹೋಗುವುದು ಉತ್ತಮ.

## ಹಂತ 4: ದಡ ಮುಟ್ಟಿದ ಮೊದಲ ಕಾಲು ಗಂಟೆ

ಕಾರು ನಿಂತ ಕೂಡಲೇ ಮಕ್ಕಳು ಓಡುತ್ತಾರೆ. ಓಡಲು ಬಿಡಬೇಡಿ. ಮೊದಲು ಬಾವುಟ ನೋಡಿ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ನೀರು ಸ್ನಾನಕ್ಕೆ. ಜೀವರಕ್ಷಕರ ಕಣ್ಣಿರುವುದು ಅಲ್ಲಿ. ಬರೀ ಕೆಂಪು ಹಾರುತ್ತಿದ್ದರೆ ಇಳಿಯುವಂತಿಲ್ಲ. ಬಾವುಟವೂ ಇಲ್ಲ, ಜೀವರಕ್ಷಕರೂ ಬಂದಿಲ್ಲ ಎಂದರೆ ಕಾಯಿರಿ.

ಜೀವರಕ್ಷಕರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಇವತ್ತು ಎಲ್ಲಿ ಸೆಳೀತದೆ?" ಅವರು ಕೈ ತೋರಿಸುತ್ತಾರೆ. ನೆಲದ ಮರಳು ಸರಿದಂತೆ ಸೆಳೆತದ ಜಾಗವೂ ಬದಲಾಗುತ್ತಿರುತ್ತದೆ, ಹೋದ ವರ್ಷ ಇಲ್ಲೇ ಆಡಿದ್ದೆವು ಎಂಬ ನೆನಪು ಉಪಯೋಗಕ್ಕೆ ಬಾರದು. ಸೆಳೆತ ನಿಮ್ಮ ಕಣ್ಣಿಗೂ ಕಾಣುತ್ತದೆ. ಎರಡೂ ಬದಿ ಬಿಳಿ ನೊರೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನುಣ್ಣಗೆ, ಕಪ್ಪಗೆ, ಅಲೆ ಒಡೆಯದೆ ಇದ್ದರೆ, ಮರಳುಗೆಂಪು ನೀರು, ಕಸಕಡ್ಡಿ ಅಲ್ಲಿಂದ ಒಳಕ್ಕೆ ಹೋಗುತ್ತಿದ್ದರೆ ಅದೇ. ದುರಂತವೆಂದರೆ ಹೊಸಬರ ಕಣ್ಣಿಗೆ ಅದೇ ಶಾಂತವಾದ ಒಳ್ಳೆಯ ಜಾಗವೆಂದು ತೋರುತ್ತದೆ.

ಉತ್ತರಕ್ಕೆ ಶರಾವತಿ ಕಡಲು ಸೇರುವ ಅಳಿವೆಯ ಕಡೆ ನಡೆದುಹೋಗಿ ಇಳಿಯುವುದು ಬೇಡವೇ ಬೇಡ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಕಡಲ ನೀರೂ ಸೇರಿ ಹೊರಕ್ಕೆ ನುಗ್ಗುತ್ತವೆ. ಈಜು ಬಲ್ಲವರಿಗೂ ಅದು ಬಗ್ಗುವುದಿಲ್ಲ.

ಬಿಡಾರ ಹೂಡುವುದು ಗಾಳಿಮರದ ತೋಪಿನ ಅಂಚಿನಲ್ಲಿ. ಮೇಲೆ ಒಣ ಕೊಂಬೆ ನೇತಾಡುತ್ತಿದೆಯೇ ನೋಡಿ. ಗೇರುಮರದ ಕೆಳಗಾದರೆ ಚಗಳಿ ಇರುವೆಯ ಗೂಡು ಇದೆಯೇ ತಲೆಯೆತ್ತಿ ನೋಡಿ. ಎಲೆ ಹೊಲಿದಂತೆ ಉಂಡೆಯಾಗಿದ್ದರೆ ಮುಂದಿನ ಮರ ಹುಡುಕಿ. ಮರಳ ಮೇಲೆ ಹಬ್ಬಿದ ಬಳ್ಳಿಯ ಮೇಲೆ ಹಾಸಬೇಡಿ, ಕೀಳಬೇಡಿ. ಆ ದಿಬ್ಬವನ್ನು ಹಿಡಿದಿಟ್ಟಿರುವುದೇ ಅದು. ತೋಪಿನ ನೆಲದಲ್ಲಿ ಒಣ ತರಗು ದಪ್ಪಗೆ ಬಿದ್ದಿರುತ್ತದೆ, ಒಲೆ ಹೂಡುವುದಿರಲಿ ಬೀಡಿಯ ತುಂಡೂ ಬೇಡ.

## ಹಂತ 5: ನೀರಿನಲ್ಲಿ ಎರಡು ಗಂಟೆ

ಒಂಬತ್ತರಿಂದ ಹನ್ನೊಂದು. ಇಷ್ಟೇ. ಹೆಚ್ಚು ಬರೆಯಬೇಕಾಗಿರುವುದು ಈ ಎರಡು ಗಂಟೆಗಳ ಬಗ್ಗೆ.

ಕಾವಲು ಒಬ್ಬರದೇ ಇರಲಿ. ಹತ್ತು ಜನ ದೊಡ್ಡವರಿದ್ದಾಗ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷಕ್ಕೊಬ್ಬರಂತೆ ಪಾಳಿ ಹಾಕಿ. ಪಾಳಿಯಲ್ಲಿರುವವರ ಕೈಯಲ್ಲಿ ಮೊಬೈಲು ಇರಕೂಡದು, ಬಾಯಲ್ಲಿ ಹರಟೆ ಇರಕೂಡದು. "ಈಗ ನಿನ್ನ ಪಾಳಿ" ಎಂದು ಬಾಯಿಬಿಟ್ಟು ಹೇಳಿಯೇ ಬಿಟ್ಟುಕೊಡಬೇಕು.

ಆಳ. ಮಗುವಿಗೆ ಅದರ ಮೊಣಕಾಲು, ದೊಡ್ಡವರಿಗೆ ಸೊಂಟದ ಕೆಳಗೆ. ಎಂಟು ವರ್ಷದೊಳಗಿನ ಮಕ್ಕಳು ಕೈಗೆಟಕುವಷ್ಟು ಹತ್ತಿರ. ಪಾದ ಎತ್ತಿ ಇಡುವ ಬದಲು ಮರಳಲ್ಲಿ ಎಳೆಯುತ್ತಾ ನಡೆಯಲು ಕಲಿಸಿ. ತಳದಲ್ಲಿ ತೊರಕೆ ಮೀನು ಮಲಗಿದ್ದರೆ ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಹೊಡೆಯುತ್ತದೆ.

ಗಾಳಿ ತುಂಬಿದ ಟ್ಯೂಬು ಬೇಡ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹನ್ನೊಂದು-ಹನ್ನೆರಡರ ಮೇಲೆ ತಿರುಗುತ್ತದೆ. ಅಂದರೆ ನೀರು ಶಾಂತವಾಗಿರುವ ಬೆಳಗಿನಲ್ಲೇ ಟ್ಯೂಬು, ಬಾತುಕೋಳಿ, ಚೆಂಡು ಎಲ್ಲ ಒಳಕ್ಕೆ ತೇಲಿಹೋಗುವುದು. ಚೆಂಡು ಹೋದರೆ ಹೋಗಲಿ ಎಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಸೀರೆ, ದುಪಟ್ಟಾ. ನಮ್ಮಲ್ಲಿ ಅಮ್ಮ, ಅತ್ತೆಯರು ಸೀರೆಯಲ್ಲೇ ಇಳಿಯುತ್ತಾರೆ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದದ ಅಲೆಯೂ ಕೆಡವುತ್ತದೆ, ಏಳಲು ಬಿಡುವುದಿಲ್ಲ. ಕಚ್ಚೆ ಹಾಕಿ ಉಡಲಿ, ಇಲ್ಲವೇ ಪಾದ ಮುಳುಗುವಷ್ಟರಲ್ಲಿ ನಿಲ್ಲಲಿ. ದುಪಟ್ಟಾ ದಡದಲ್ಲೇ ಇರಲಿ.

ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಫೋಟೊ ತೆಗೆಯುವವರು ನೀರಿನ ಕಡೆ ನಿಂತು, ತೆಗೆಸಿಕೊಳ್ಳುವವರು ದಡದ ಕಡೆ ನಿಲ್ಲುವುದಂತೂ ಇನ್ನೂ ಕೆಟ್ಟದ್ದು.

ಮುಳುಗುವವರು ಸಿನಿಮಾದಲ್ಲಿಯಂತೆ ಕೈಬೀಸಿ ಕೂಗುವುದಿಲ್ಲ. ಸದ್ದೇ ಇರುವುದಿಲ್ಲ. ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಕೂದಲು ಕಣ್ಣಿಗೆ ಬಿದ್ದರೂ ಸರಿಸುವುದಿಲ್ಲ, ಕೈಗಳು ಏಣಿ ಹತ್ತುವಂತೆ ಆಡುತ್ತವೆ. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಮೊದಲು ಅಲ್ಲಿಗೆ ಓಡಿ.

ಯಾರನ್ನಾದರೂ ಸೆಳೆತ ಎಳೆದರೆ ಜೀವರಕ್ಷಕರನ್ನು ಕೂಗಿ, ಆ ಕ್ಯಾನನ್ನು ಎಸೆಯಿರಿ. ಗಾಳಿ ತುಂಬಿದ ಖಾಲಿ ಕ್ಯಾನು ದೊಡ್ಡವರನ್ನೂ ತೇಲಿಸಿ ಹಿಡಿಯುತ್ತದೆ. ಈಜು ಬಾರದವರು ಹಿಂದೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮನೆಯ ಇಬ್ಬರು-ಮೂವರು ಹೋದ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿಕ್ಕಿಬಿದ್ದವರು ದಡದ ಕಡೆಗೆ ಎದುರೀಜಬಾರದು. ಮೈ ಸಡಿಲ ಬಿಟ್ಟು ತೇಲಬೇಕು, ಕೈಯೆತ್ತಿ ಸನ್ನೆ ಮಾಡಬೇಕು, ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ನೊರೆ ಒಡೆಯುವಲ್ಲಿಗೆ ಬರಬೇಕು. ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಯಿಟ್ಟು ಉಸಿರು ಕೊಡಿ, ಎದೆ ಒತ್ತಿ, 108ಕ್ಕೆ ಕರೆ ಮಾಡಿ.

ಲೋಳೆಮೀನು ತಾಗಿ ಉರಿ ಎದ್ದರೆ ಉಜ್ಜಬೇಡಿ, ಮರಳು ಹಚ್ಚಬೇಡಿ, ಸಿಹಿನೀರು ಹೊಯ್ಯಬೇಡಿ. ಕಡಲ ನೀರಿನಿಂದಲೇ ತೊಳೆದು, ಅಂಟಿದ ದಾರದಂಥ ಎಳೆಗಳನ್ನು ಚಿಮಟದಿಂದ ತೆಗೆದು, ಆಮೇಲೆ ತಡೆಯುವಷ್ಟು ಬಿಸಿನೀರಿನ ಶಾಖ ಕೊಡಿ. ಫ್ಲಾಸ್ಕು ಇದಕ್ಕೇ. ಶಾಖ ಮೊದಲು ನಿಮ್ಮ ಕೈಗೆ ಮುಟ್ಟಿಸಿ ನೋಡಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ನೇರ ಆಸ್ಪತ್ರೆಗೆ.

ತುಟಿ ನೀಲಿಗಟ್ಟುವುದು, ನಡುಕ, ಸುಮ್ಮಸುಮ್ಮನೆ ಸಿಟ್ಟು, ಬೆಳಗಿನಿಂದ ಒಂದಕ್ಕೆ ಹೋಗಿಲ್ಲದಿರುವುದು – ಇವುಗಳಲ್ಲಿ ಯಾವುದು ಕಂಡರೂ ಆ ಮಗುವಿನ ಸ್ನಾನ ಅಂದಿಗೆ ಮುಗಿಯಿತು.

## ಹಂತ 6: ಹನ್ನೊಂದಕ್ಕೆ ಎದ್ದುಬಿಡಿ

"ಇನ್ನು ಹತ್ತೇ ನಿಮಿಷ" ಎಂಬಲ್ಲಿ ದಿನ ಹಾಳಾಗುವುದು. ಹನ್ನೊಂದರ ಮೇಲೆ ಮರಳು ಕಾಯುತ್ತದೆ, ಚರ್ಮ ಸುಡುತ್ತದೆ, ಸ್ನಾನದ ಕೋಣೆಗೆ ಸಾಲು ಬೆಳೆಯುತ್ತದೆ. ಹತ್ತು ಮುಕ್ಕಾಲಿಗೇ ಒಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಲಿ. ಸಿಹಿನೀರಲ್ಲಿ ಚೆನ್ನಾಗಿ ತೊಳೆದುಕೊಳ್ಳದೆ ಬಟ್ಟೆ ಹಾಕಿದರೆ ಸಂಜೆಗೆ ತೊಡೆಸಂದು ಕೆತ್ತಿಹೋಗಿರುತ್ತದೆ, ಮಕ್ಕಳಿಗಂತೂ. ತೊಳೆದ ಮೇಲೆ ಅಲ್ಲಿಗೆ ತುಸು ಕೊಬ್ಬರಿ ಎಣ್ಣೆ ಹಚ್ಚಿ. ಆಮೇಲೆ ತೋಪಿನ ನೆರಳಲ್ಲಿ ಊಟ.

## ಹಂತ 7: ಮಧ್ಯಾಹ್ನ ಕಾಡಿಗೆ

ಒಂದೂವರೆಗೆ ಅಪ್ಸರಕೊಂಡ. ಜಲಪಾತದ ಕಡೆಗೆ ಇಳಿಯಲು ಮೆಟ್ಟಿಲುಗಳಿವೆ; ಇಳಿಯುವುದು ಸುಲಭ, ಮಂಡಿನೋವಿನವರಿಗೆ ಹತ್ತುವುದೇ ಪರೀಕ್ಷೆ. ಅಜ್ಜಿಯರು ಮೇಲಿನ ನೆರಳಿನಲ್ಲೇ ಕೂರುವುದಾದರೆ ಒತ್ತಾಯ ಮಾಡಬೇಡಿ. ನೀರಿನ ಹತ್ತಿರದ ಕಲ್ಲು ಪಾಚಿಗಟ್ಟಿರುತ್ತದೆ. ಹಸಿರಾಗಿ ಹೊಳೆಯುವ ಕಲ್ಲಿಗಿಂತ ಕಪ್ಪಗೆ ಒದ್ದೆಯಾಗಿರುವ ಕಲ್ಲು ಹೆಚ್ಚು ಜನರನ್ನು ಬೀಳಿಸುತ್ತದೆ, ಏಕೆಂದರೆ ಹಸಿರು ಕಂಡರೆ ಎಲ್ಲರೂ ಎಚ್ಚರವಾಗುತ್ತಾರೆ. ನವೆಂಬರ್, ಡಿಸೆಂಬರ್‌ನಲ್ಲಿ ಜಲಪಾತ ಚೆನ್ನ. ಫೆಬ್ರವರಿ ಕೊನೆಗೆ ನೀರು ತೀರ ಸಣ್ಣದು, ಆಗ ಕಾಡಿನ ತಂಪಿಗಾಗಿ ಹೋಗುತ್ತಿದ್ದೇವೆ ಎಂದು ಮಕ್ಕಳಿಗೆ ಮೊದಲೇ ಹೇಳಿ. ಕೋತಿಗಳಿರುವಲ್ಲಿ ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ನಡೆಯಬೇಡಿ.

ನಾಲ್ಕರ ಹೊತ್ತಿಗೆ ಶರಾವತಿ ಕಾಂಡ್ಲಾ ನಡಿಗೆ. ಅರಣ್ಯ ಇಲಾಖೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿರುವ ಮರದ ಹಾದಿ ಇದು. ನೀವು ಹಂತ 1ರಂತೆ ದಿನ ಆರಿಸಿದ್ದರೆ ಆಗ ನೀರು ಇಳಿಯತೊಡಗಿರುತ್ತದೆ. ಬೇರುಗಳ ನಡುವಿನ ಕೆಸರು ಕಾಣುತ್ತದೆ, ಏಡಿಗಳು ಹೊರಬರುತ್ತವೆ. ಉಬ್ಬರದಲ್ಲಿ ಹೋದವರು ಬರೀ ನೀರು ನೋಡಿ ಬಂದು "ಏನಿಲ್ಲ ಅಲ್ಲಿ" ಎನ್ನುತ್ತಾರೆ.

ಇಡಗುಂಜಿ ಗಣಪತಿಯನ್ನು ನೋಡದೆ ಬರುವುದು ಹೇಗೆ ಎಂದು ಮನೆಯ ಹಿರಿಯರು ಕೇಳಿದರೆ ಕಾಂಡ್ಲಾ ನಡಿಗೆಯನ್ನು ಬಿಟ್ಟು ಆ ಹೊತ್ತನ್ನು ದೇವಸ್ಥಾನಕ್ಕೆ ಕೊಡಿ. ಎರಡೂ ಬೇಕು ಎಂದರೆ ಆಗದು. ಮುರ್ಡೇಶ್ವರವನ್ನು ಈ ದಿನಕ್ಕೆ ತುರುಕಲೇಬೇಡಿ, ಅದಕ್ಕೆ ಬೇರೆ ದಿನ ಇದೆ.

## ಹಂತ 8: ಸಂಜೆ ಬರೀ ಮರಳು

ಸೂರ್ಯ ಮುಳುಗುವುದು ಡಿಸೆಂಬರ್ ಮೊದಲ ವಾರದಲ್ಲಿ ಆರರ ಸುಮಾರಿಗೆ, ಫೆಬ್ರವರಿ ಕೊನೆಗೆ ಆರು ನಲವತ್ತರ ಸುಮಾರಿಗೆ. ಅದಕ್ಕೆ ಮುಕ್ಕಾಲು ಗಂಟೆ ಮೊದಲು ದಡಕ್ಕೆ ಬನ್ನಿ. ನೀರಿಗಿಳಿಯುವಂತಿಲ್ಲ: ಆಗ ನೀರು ಇಳಿಯುತ್ತಿದೆ, ಗಾಳಿಗೆ ಅಲೆ ಎದ್ದಿದೆ, ಬೆಳಕು ಎದುರಿನಿಂದ ಕಣ್ಣಿಗೆ ಹೊಡೆಯುವುದರಿಂದ ನೀರಿನಲ್ಲಿರುವ ತಲೆ ಯಾರ ಕಣ್ಣಿಗೂ ಬೀಳದು. ಮಕ್ಕಳಿಗೆ ಬೆಳಿಗ್ಗೆಯೇ ಒಣ ಬಟ್ಟೆ ಒಂದೇ ಜೊತೆ ಉಳಿದಿದೆ ಎಂದು ಹೇಳಿಬಿಟ್ಟರೆ ಜಗಳ ಕಡಿಮೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಸರಕೋಡ, ಅಪ್ಸರಕೊಂಡದ ಮರಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬಲೆ ಅಥವಾ ಕೋಲು ನೆಟ್ಟು ಗುರುತು ಮಾಡಿದ ಜಾಗವಿದ್ದರೆ ದೂರದಿಂದ ಹಾಯಿರಿ. ಕತ್ತಲಾದ ಮೇಲೆ ಮರಳಿನತ್ತ ಟಾರ್ಚು ಬಿಡಬೇಡಿ. ಮೊಟ್ಟೆ ಮುಟ್ಟುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಘಾಟಿ ಹತ್ತಬೇಕಾದವರು ಸೂರ್ಯಾಸ್ತದ ಆಸೆ ಬಿಟ್ಟು ಐದಕ್ಕೇ ಹೊರಡುವುದು ಜಾಣತನ. ಬೆಳಿಗ್ಗೆ ನಾಲ್ಕಕ್ಕೆ ಎದ್ದ ಚಾಲಕ ರಾತ್ರಿ ಎಂಟಕ್ಕೆ ಗೇರುಸೊಪ್ಪದ ತಿರುವಿನಲ್ಲಿ ಎಷ್ಟು ಎಚ್ಚರವಾಗಿರುತ್ತಾನೆ ಎಂದು ನೀವೇ ಲೆಕ್ಕ ಹಾಕಿ. ಎರಡನೇ ಚಾಲಕರಿದ್ದರೆ ಅವರು ಮಧ್ಯಾಹ್ನ ಅಪ್ಸರಕೊಂಡಕ್ಕೆ ಇಳಿಯದೆ ಮರದ ನೆರಳಲ್ಲಿ ಒಂದು ಗಂಟೆ ಮಲಗಿರಲಿ. ಗಾಡಿ ಹತ್ತುವ ಮೊದಲು ತಲೆ ಎಣಿಸಿ, ಕಸದ ಚೀಲ ಎತ್ತಿಕೊಳ್ಳಿ, ಕಾಲಿನ ಮರಳು ಒಣಗಿದ ಮೇಲೆ ಕೊಡವಿ. ಒದ್ದೆ ಇರುವಾಗ ತೊಳೆಯಲು ಹೋದರೆ ಅದು ಸೀಟಿನವರೆಗೂ ಬರುತ್ತದೆ. ಮನೆಗೆ ಬಂದ ಮರುದಿನವೇ ಗಾಡಿಯ ಅಡಿಭಾಗಕ್ಕೂ ಒಮ್ಮೆ ಸಿಹಿನೀರು ಹೊಡೆಯಿರಿ. ಉಪ್ಪುಗಾಳಿಯಲ್ಲಿ ದಿನವಿಡೀ ನಿಂತಿತ್ತಲ್ಲ.